ಎಕ್ಸ್‌-ರೇಯಲ್ಲಿ ಕಾಣದ ಕಿಡ್ನಿ ಕಲ್ಲಿಗೆ ಶಾಕ್‌ವೇವ್ ಕೊಡಬಹುದಾ?

ಪ್ರಶ್ನೆ: ನನಗೆ 46 ವರ್ಷ. ಬಲಗಡೆಯ ಕಿಡ್ನಿಯಲ್ಲಿ 11 ಮಿ.ಮೀ. ಕಲ್ಲಿದೆ ಎಂದು ಸಿಟಿ ಸ್ಕ್ಯಾನ್‌ನಲ್ಲಿ ಗೊತ್ತಾಯಿತು. ಆದರೆ ಎಕ್ಸ್‌-ರೇಯಲ್ಲಿ ಏನೂ ಕಾಣಲಿಲ್ಲ. ಅಲ್ಟ್ರಾಸೌಂಡ್‌ನಲ್ಲಿ ನೋಡಿಕೊಂಡು ಶಾಕ್‌ವೇವ್ ಕೊಟ್ಟು ಪುಡಿ ಮಾಡೋಣ ಎನ್ನುತ್ತಾರೆ ಡಾಕ್ಟರು. ಇದು ಸರಿಯೇ? ಗುರಿ ತಪ್ಪಿ ಕಿಡ್ನಿಗೆ ಏಟು ಬಿದ್ದರೆ?

ಉತ್ತರ: ಸರಿಯಾದ ಜಾಗದಲ್ಲೇ ನಿಮಗೆ ಅನುಮಾನ ಬಂದಿದೆ. ಶಾಕ್‌ವೇವ್ ಯಂತ್ರಕ್ಕೆ ಕಲ್ಲು ಯಾವುದು, ಕಿಡ್ನಿ ಯಾವುದು ಎಂದು ಗೊತ್ತಾಗುವುದಿಲ್ಲ. ಹೊರಗಿನಿಂದ ಬಿಟ್ಟ ಅಲೆಗಳನ್ನು ಅದು ಒಳಗೆ ಒಂದು ಸಣ್ಣ ಜಾಗದಲ್ಲಿ ಸೇರಿಸುತ್ತದೆ, ಅಷ್ಟೇ. ಕಲ್ಲು ಆ ಜಾಗದಲ್ಲಿ ಇರುವಂತೆ ನೋಡಿಕೊಳ್ಳಬೇಕಾದವರು ಯಂತ್ರ ನಡೆಸುವವರು. ಅವರಿಗೆ ಕಣ್ಣಾಗುವುದು ಎಕ್ಸ್‌-ರೇ ಅಥವಾ ಅಲ್ಟ್ರಾಸೌಂಡ್. 1980ರಲ್ಲಿ ಮ್ಯೂನಿಕ್‌ನಲ್ಲಿ ಮೊದಲ ಬಾರಿ ಈ ಚಿಕಿತ್ಸೆ ಕೊಟ್ಟಾಗ ರೋಗಿಯನ್ನು ನೀರಿನ ತೊಟ್ಟಿಯಲ್ಲಿ ಇರಿಸಿ, ಎರಡು ಕಡೆಯಿಂದ ಎಕ್ಸ್‌-ರೇ ಹಾಯಿಸಿ ಕಲ್ಲನ್ನು ಹುಡುಕಿದ್ದರು. ಈಗ ತೊಟ್ಟಿ ಬೇಕಿಲ್ಲ, ಜೆಲ್ ಸಾಕು.

ಕ್ಯಾಲ್ಸಿಯಂ ಇರುವ ಕಲ್ಲು ಸಾಮಾನ್ಯವಾಗಿ ಎಕ್ಸ್‌-ರೇಯಲ್ಲಿ ಕಾಣುತ್ತದೆ. ಯೂರಿಕ್ ಆಸಿಡ್ ಕಲ್ಲು ಕಾಣುವುದಿಲ್ಲ. ಅಲ್ಟ್ರಾಸೌಂಡ್‌ನಲ್ಲಿ ಈ ಭೇದವಿಲ್ಲ: ಯಾವ ಕಲ್ಲಾದರೂ ಬೆಳ್ಳಗೆ ಹೊಳೆಯುತ್ತದೆ, ಅದರ ಹಿಂದೆ ಕಪ್ಪು ನೆರಳು ಬೀಳುತ್ತದೆ. ಹಾಗಾಗಿ ನಿಮ್ಮ ಡಾಕ್ಟರ ಆಯ್ಕೆ ಸರಿಯಾಗಿದೆ.

ಇದರಲ್ಲಿ ಇನ್ನೊಂದು ಲಾಭವಿದೆ. ನಾವು ಉಸಿರಾಡಿದಂತೆ ಕಿಡ್ನಿ ಮೇಲೆ ಕೆಳಗೆ ಸರಿಯುತ್ತದೆ, ಕೆಲವೊಮ್ಮೆ ಎರಡು ಮೂರು ಸೆಂಟಿಮೀಟರ್. ಕಲ್ಲು ಗುರಿಯಿಂದ ಆಚೆ ಹೋಗಲು ಅಷ್ಟು ಸಾಕಲ್ವಾ? ಎಕ್ಸ್‌-ರೇಯನ್ನು ವಿಕಿರಣದ ಕಾರಣ ಆಗಾಗ ಮಾತ್ರ ಹಾಕಿ ನೋಡುತ್ತಾರೆ. ಅಲ್ಟ್ರಾಸೌಂಡ್‌ಗೆ ಆ ಮಿತಿ ಇಲ್ಲ, ಉದ್ದಕ್ಕೂ ನೋಡುತ್ತಿರಬಹುದು. ಆದರೆ ಅದನ್ನು ಓದಲು ಕೈ ಪಳಗಿರಬೇಕು. ಕಲ್ಲು ಮೂತ್ರನಾಳದ ನಡುಭಾಗಕ್ಕೆ ಇಳಿದಿದ್ದರೆ ಮಾತ್ರ ಕರುಳಿನ ಗಾಳಿ ಅಡ್ಡ ಬಂದು ಅಲ್ಟ್ರಾಸೌಂಡ್ ಸೋಲುತ್ತದೆ. ನಿಮ್ಮದು ಕಿಡ್ನಿಯಲ್ಲೇ ಇದೆ.

ಇನ್ನು ಏಟಿನ ವಿಷಯ. ನಮ್ಮ ಮಾಂಸದಲ್ಲಿ ನೀರಿನ ಅಂಶ ಜಾಸ್ತಿ, ಅಲೆ ಬಹುಪಾಲು ಸಲೀಸಾಗಿ ದಾಟುತ್ತದೆ. ಗಟ್ಟಿ ಕಲ್ಲು ಸಿಕ್ಕಾಗ ಅದರ ಬಲವೆಲ್ಲ ಅಲ್ಲಿ ಬೀಳುತ್ತದೆ. ಹಾಗೆಂದು ಕಿಡ್ನಿಗೆ ಏನೂ ಆಗುವುದಿಲ್ಲ ಎನ್ನಲಾರೆ. ಒಂದೆರಡು ದಿನ ಮೂತ್ರ ಕೆಂಪಾಗುವುದು ಮಾಮೂಲು. ಕಿಡ್ನಿಯ ಸುತ್ತ ರಕ್ತ ಹೆಪ್ಪುಗಟ್ಟುವುದು ಅಪರೂಪ. ಕಡಿಮೆ ಬಲದಿಂದ ಶುರುಮಾಡಿ ಏರಿಸುತ್ತಾ ಹೋದರೆ ಪೆಟ್ಟು ಕಡಿಮೆ. ನಿಮಿಷಕ್ಕೆ 120ರ ಬದಲು 60 ಅಲೆ ಕೊಟ್ಟರೆ ಕಲ್ಲೂ ಚೆನ್ನಾಗಿ ಒಡೆಯುತ್ತದೆ. ಸಮಯ ಹಿಡಿಯಲಿ, ಅವಸರ ಮಾಡಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಮೂತ್ರದಲ್ಲಿ ಸೋಂಕಿದ್ದರೆ ಅದು ವಾಸಿಯಾಗುವವರೆಗೆ ಕಾಯಲೇಬೇಕು.

ಆದರೆ ದಿನ ಗೊತ್ತುಮಾಡುವ ಮೊದಲು ಸಿಟಿ ವರದಿಯನ್ನು ಇನ್ನೊಮ್ಮೆ ತೆಗೆದು ನೋಡಿ. ಕಲ್ಲಿನ ಸಾಂದ್ರತೆಯನ್ನು ಹೌನ್ಸ್‌ಫೀಲ್ಡ್ ಲೆಕ್ಕದಲ್ಲಿ ಬರೆದಿರಬಹುದು, ಇಲ್ಲದಿದ್ದರೆ ಡಾಕ್ಟರನ್ನು ಕೇಳಿ. 1000 ದಾಟಿದ ಕಲ್ಲು ಶಾಕ್‌ವೇವ್‌ಗೆ ಬಗ್ಗುವುದು ಕಷ್ಟ. ಚರ್ಮದಿಂದ ಕಲ್ಲಿಗೆ 10 ಸೆಂ.ಮೀ.ಗಿಂತ ಜಾಸ್ತಿ ದೂರವಿದ್ದರೂ ಹಾಗೆಯೇ. ನಿಮ್ಮದು ಎಕ್ಸ್‌-ರೇಯಲ್ಲಿ ಕಾಣದ ಕಲ್ಲು, ಆ ಅಂಕಿ 500ರ ಒಳಗಿದ್ದರೆ ಯೂರಿಕ್ ಆಸಿಡ್ ಕಲ್ಲಿರುವ ಸಾಧ್ಯತೆ ಹೆಚ್ಚು. ಇಂಥ ಕಲ್ಲಿಗೆ ಒಂದು ಭಾಗ್ಯವಿದೆ: ಪೊಟ್ಯಾಸಿಯಂ ಸಿಟ್ರೇಟ್‌ನಂಥ ಔಷಧಿಯಿಂದ ಮೂತ್ರದ ಹುಳಿ ತಗ್ಗಿಸಿದರೆ ಅದು ಕರಗಬಹುದು. ಎಲ್ಲರಿಗೂ ಆ ಔಷಧಿ ಆಗಿಬರುವುದಿಲ್ಲ, ವಾರಗಟ್ಟಲೆ, ತಿಂಗಳುಗಟ್ಟಲೆ ತಗೊಳ್ಳಬೇಕಾಗಬಹುದು. ಆದರೂ ನೋವು, ಜ್ವರ, ಮೂತ್ರದ ತಡೆ ಯಾವುದೂ ಇಲ್ಲದಿದ್ದರೆ, "ಮೊದಲು ಕರಗಿಸಿ ನೋಡಬಹುದಾ ಡಾಕ್ಟ್ರೇ?" ಎಂದು ಸಂಕೋಚವಿಲ್ಲದೆ ಕೇಳಿ.

ಶಾಕ್‌ವೇವ್ ಕೊಡಿಸಿಕೊಂಡರೆ, ಕೆಲವು ವಾರ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿಸಿ. ನಿಮಗೆ ಬರೀ ಎಕ್ಸ್‌-ರೇ ಸಾಲದು, ಉಳಿದ ಚೂರುಗಳೂ ಅದರಲ್ಲಿ ಕಾಣುವುದಿಲ್ಲ. ನಡುವೆ ಚಳಿಜ್ವರ ಬಂದರೆ ಅಥವಾ ಮೂತ್ರ ಕಟ್ಟಿದರೆ ಆ ದಿನಕ್ಕಾಗಿ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ.