ಕಣ್ಣಿಗೆ ಪದೇ ಪದೇ ಕುಟಿಗಿ ಏಳ್ತದ, ಏನ್ ಮಾಡ್ಲಿ?

ಪ್ರಶ್ನೆ: ಸಿಂಧನೂರು ಹತ್ರ ನಮ್ಮೂರು, ರೈಸ್ ಮಿಲ್‌ನಾಗ ಕೆಲಸ ಮಾಡ್ತೀನಿ, ವಯಸ್ಸು 41. ರೆಪ್ಪಿ ಅಂಚಿಗೆ ಕುಟಿಗಿ ಒಂದು ಹೋಯ್ತು ಅನ್ನೋದ್ರಾಗ ಇನ್ನೊಂದು ಏಳ್ತದ. ಮೆಡಿಕಲ್ ಶಾಪ್‌ನವ್ರು ಡ್ರಾಪ್ಸ್ ಕೊಟ್ಟಾರ, ಮನ್ಯಾಗ ಉಂಗುರ ಕಾಸಿ ಇಡು ಅಂತಾರ. ನೋಡಿದವ್ರಿಗೂ ಅಂಟ್ತದಂತ, ಹೌದಾ?
– ಒಬ್ಬ ಓದುಗ

ಉತ್ತರ: ನೋಡಿದ್ರ ಅಂಟಂಗಿಲ್ರಿ, ಆ ಭಯ ಬಿಡ್ರಿ. ರೆಪ್ಪಿ ಕೂದಲ ಬುಡದಾಗ ಸಣ್ಣ ಎಣ್ಣಿ ಗ್ರಂಥಿ ಇರ್ತಾವ, ಅದರ ಬಾಯಿ ಕಟ್ಟಿ ಒಳಗ ಬ್ಯಾಕ್ಟೀರಿಯಾ ಬೆಳದು ಕೀವಾಗ್ತದ. ಹೆಚ್ಚಾಗಿ ಅದು ಸ್ಟೆಫಿಲೋಕಾಕಸ್, ನಮ್ಮ ಚರ್ಮದ ಮ್ಯಾಲೆ, ಮೂಗಿನಾಗ ಮೊದ್ಲಿಂದ ಇರೋದೇ. ಟವೆಲ್ ಮಾತ್ರ ಬ್ಯಾರೆ ಇಟ್ಕೊರ್ರಿ.

ಶಾಖ ಕೊಡಬೇಕು ಅನ್ನೋದು ಖರೆ, ಆದ್ರ ಉಂಗುರ ಬ್ಯಾಡ, ಲೋಹ ಎಷ್ಟು ಕಾದದ ತಿಳಿಯಂಗಿಲ್ಲ, ರೆಪ್ಪಿ ಚರ್ಮ ಭಾಳ ತೆಳು, ಸುಟ್ಟುಬಿಡ್ತದ. ಸ್ವಚ್ಛ ಕಾಟನ್ ಬಟ್ಟಿ ಬಿಸಿನೀರಾಗ ಅದ್ದಿ ಹಿಂಡಿ, ಮೊದ್ಲು ಮುಂಗೈಗೆ ಇಟ್ಟು ನೋಡಿ, ಕಣ್ ಮುಚ್ಚಿ 10 ನಿಮಿಷ ಇಡ್ರಿ, ದಿನಕ್ಕ 3-4 ಸಲ. ಬಟ್ಟಿ 2 ನಿಮಿಷಕ್ಕ ಆರಿಬಿಡ್ತದ, ಭಾಳ ಮಂದಿ ಆರಿದ ಬಟ್ಟಿನೇ ಹಿಡ್ಕೊಂಡು ಕೂತು ಶಾಖದಿಂದ ಏನೂ ಆಗ್ಲಿಲ್ಲ ಅಂತಾರ, ಮತ್ತ ಮತ್ತ ಅದ್ದಬೇಕು. ಹಿಸುಕಬ್ಯಾಡ್ರಿ. 1-2 ವಾರದಾಗ ತಾನೇ ಒಡದು ಇಳೀತದ.

ಡ್ರಾಪ್ಸ್ ಬಾಟ್ಲಿ ಮ್ಯಾಲೆ ಡೆಕ್ಸಾಮೆಥಾಸೋನ್ ಅಥವಾ ಪ್ರೆಡ್ನಿಸೋಲೋನ್ ಅಂತ ಬರ್ದಿದ್ರ ಅದು ಸ್ಟೀರಾಯ್ಡ್, ಡಾಕ್ಟರ್ ಹೇಳ್ದೆ ವಾರಗಟ್ಲೆ ಹಾಕ್ಕೊಂಡ್ರ ಕಣ್ಣಿನ ಪ್ರೆಷರ್ ಏರಿ ಗ್ಲುಕೋಮಾ ಆಗಬಹುದು, ಅದರಿಂದ ಹೋದ ದೃಷ್ಟಿ ವಾಪಸ್ ಬರಂಗಿಲ್ಲ. ಕೈಮುಗಿದು ಹೇಳ್ತೀನಿ, ಇದನ್ನ ಹಗುರ ತಗೋಬ್ಯಾಡ್ರಿ.

ಪದೇ ಪದೇ ಬರ್ತದ ಅಂದ್ರಲ್ಲ, ನನಗ ಚಿಂತಿ ಅದರದ್ದೇ. ಮೊದ್ಲು ಶುಗರ್ ಚೆಕ್ ಮಾಡಿಸ್ರಿ, ಎಷ್ಟೋ ಜನಕ್ಕ ಶುಗರ್ ಐತಿ ಅನ್ನೋದೇ ಗೊತ್ತಿರಂಗಿಲ್ಲ. ಆಮ್ಯಾಲೆ ಕನ್ನಡಿ ಮುಂದ ನಿಂತು ರೆಪ್ಪಿ ಬುಡ ನೋಡ್ರಿ, ತಲಿ ಹೊಟ್ಟಿನಂಗ ಪುಡಿ ಅಂಟಿದ್ರ ಅದು ಬ್ಲೆಫರೈಟಿಸ್, ಅಂದ್ರ ರೆಪ್ಪಿ ಅಂಚಿನ ಉರಿಯೂತ, ಅದು ಹತೋಟಿಗೆ ಬರೋ ತನಕ ಕುಟಿಗಿ ಬರ್ತಾನೇ ಇರ್ತದ, ದಿನಾ ರೆಪ್ಪಿ ಅಂಚು ತೊಳಕೊಬೇಕು. ಮಿಲ್‌ನಾಗ ತೌಡಿನ ಧೂಳು ಬಿದ್ದ ಕೈಲೆ ಕಣ್ ಉಜ್ಜೋದು ಬಿಡ್ರಿ, ಕನ್ನಡಕ ಹಾಕ್ಕೊರ್ರಿ.

ಜ್ವರ ಬಂದ್ರ, ಇಡೀ ರೆಪ್ಪಿ ಬಾತ್ರ, ಕಣ್ ಹೊರಳಿಸಿದ್ರ ನೋವಾದ್ರ, ಎರಡೆರಡು ಕಂಡ್ರ ಅವತ್ತೇ ರಾಯಚೂರು ರಿಮ್ಸ್ ಸರ್ಕಾರಿ ಆಸ್ಪತ್ರಿಗೆ ಹೋಗ್ರಿ. ನೋವಿಲ್ದ ಗಂಟು ತಿಂಗಳಾದ್ರೂ ಉಳಿದ್ರ ಅದು ಹೆಚ್ಚಾಗಿ ಕಲೇಜಿಯನ್, ಅಂದ್ರ ಎಣ್ಣಿ ಗ್ರಂಥಿ ಕಟ್ಟಿ ಆದ ಗಂಟು, ಅವಸರ ಇಲ್ಲ, ಆದ್ರೂ ಕಣ್ಣಿನ ಡಾಕ್ಟರ್‌ಗೆ ತೋರಿಸ್ರಿ, ಆ ಡ್ರಾಪ್ಸ್ ಬಾಟ್ಲಿನೂ ಜೊತಿಗೆ ಒಯ್ರಿ.