ಸುಲಭದ ಗೆಲುವು ಅನ್ನುವ ಮೊದಲು: ಒಬ್ಬ ಲೇಖಕರಿಗೆ ಉತ್ತರ

ಆತ್ಮೀಯರೇ, ನಮಸ್ಕಾರ.

ನೀವು ಕಳಿಸಿದ 'ಶೋನೆನ್ ಹೀರೋಗಳಿಗೆ ಸೋಲೇ ಇಲ್ಲ' ಲೇಖನವನ್ನು ಗಮನವಿಟ್ಟು ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ತಿದ್ದಿ ಬರೆದರೆ ಖಂಡಿತ ಹಾಕುತ್ತೇನೆ. ಅದಕ್ಕೇ ಇಷ್ಟು ಉದ್ದದ ಉತ್ತರ.

ನಿಮ್ಮ ವಾದ ಇದು. ಜಪಾನಿನಲ್ಲಿ ಹುಡುಗರಿಗಾಗಿ ಬರುವ ಶೋನೆನ್ ಅನಿಮೆಗಳಲ್ಲಿ, ಅಂದರೆ ಆನಿಮೇಷನ್ ಸರಣಿಗಳಲ್ಲಿ, ಹೀರೋ ಏಟು ತಿನ್ನುತ್ತಾನೆ, ಬೀಳುತ್ತಾನೆ, ಗೆಳೆಯರನ್ನು ನೆನೆಯುತ್ತಾನೆ. ಎಲ್ಲಿಂದಲೋ ಹೊಸ ಶಕ್ತಿ ಬರುತ್ತದೆ, ಗೆಲ್ಲುತ್ತಾನೆ. ಗೋಕು, ಲೂಫಿ, ನರುಟೊ, ನಾಟ್ಸು ಎಲ್ಲರದ್ದೂ ಇದೇ ಕತೆ. ಹೀಗೆ ಬರೆಯುವವರು ಸೋಮಾರಿಗಳು, ಒಳ್ಳೆಯ ಕತೆಯಲ್ಲಿ ಹೀರೋ ಸೋಲಲೇಬೇಕು ಅಂತ ಮುಗಿಸಿದ್ದೀರಿ.

ಮೊದಲ ಉದಾಹರಣೆಯೇ ನಿಮಗೆ ಕೈ ಕೊಡುತ್ತದೆ. 'ಡ್ರ್ಯಾಗನ್ ಬಾಲ್'ನ ಗೋಕು ತನ್ನ ಮೊದಲ ತೆಂಕಾಯಿಚಿ ಸಮರಕಲೆ ಪಂದ್ಯಾವಳಿಯ ಫೈನಲ್‌ನಲ್ಲಿ ಸೋಲುತ್ತಾನೆ, ವೇಷ ಮರೆಸಿಕೊಂಡು ಬಂದ ತನ್ನ ಗುರುವಿನ ಎದುರೇ. ಮುಂದಿನ ಸಲ ತೆನ್‌ಶಿನ್‌ಹಾನ್ ಎದುರು ಸೋಲುತ್ತಾನೆ. ಗೆಲ್ಲುವುದು ಮೂರನೇ ಸಲ. ಆಮೇಲೆ ಅಣ್ಣ ರಾಡಿಟ್ಜ್ ಜೊತೆಗಿನ ಹೋರಾಟದಲ್ಲಿ ಸತ್ತೇ ಹೋಗುತ್ತಾನೆ. ಶತ್ರು ವೆಜಿಟಾ ಬಂದಾಗ ಕೊನೆಯಲ್ಲಿ ಗೋಕು ಮೂಳೆ ಮುರಿದುಕೊಂಡು ನೆಲದ ಮೇಲೆ ಬಿದ್ದಿರುತ್ತಾನೆ. ವೆಜಿಟಾನನ್ನು ತಡೆಯಲು ಮಗ ಗೋಹಾನ್, ಗೆಳೆಯ ಕ್ರಿಲಿನ್, ಕೊನೆಗೆ ಕತ್ತಿ ಹಿಡಿದ ಯಾಜಿರೋಬೆ ಎಲ್ಲರೂ ಬೇಕಾಗುತ್ತದೆ. ಇದನ್ನು ನೋಡಿದ ಯಾವ ಓದುಗನೂ ನಿಮ್ಮ ಎರಡನೇ ಪ್ಯಾರಾದಲ್ಲೇ ಲೇಖನ ಪಕ್ಕಕ್ಕಿಡುತ್ತಾನೆ.

ಲೂಫಿಯ ಬಗ್ಗೆ ನೀವು ಬರೆದದ್ದು ಇನ್ನೂ ದುರ್ಬಲ. 'ಒನ್ ಪೀಸ್'ನ ಅಲಬಾಸ್ಟಾ ಕತೆಯನ್ನು ಮತ್ತೊಮ್ಮೆ ನೋಡಿ. ಅಲ್ಲಿನ ಖಳ ಕ್ರೊಕೊಡೈಲ್ ಮರಳಿನ ಮೈಯವನು. ಏಟು ಅವನಿಗೆ ತಾಗುವುದೇ ಇಲ್ಲ. ಮೊದಲ ಸಲ ಅವನು ಲೂಫಿಯ ಹೊಟ್ಟೆಗೆ ಕೊಕ್ಕೆ ಚುಚ್ಚಿ ಅವನನ್ನು ಮರಳಲ್ಲಿ ಹೂತುಬಿಡುತ್ತಾನೆ. ನೀರು ಬಿದ್ದರೆ ಈ ಮರಳು ಗಟ್ಟಿಯಾಗುತ್ತದೆ ಅನ್ನುವುದು ಆ ಸೋಲಿನಿಂದಲೇ ಲೂಫಿಗೆ ಗೊತ್ತಾಗುವುದು. ಎರಡನೇ ಸಲ ಬೆನ್ನಿಗೆ ನೀರಿನ ಪೀಪಾಯಿ ಕಟ್ಟಿಕೊಂಡು ಬರುತ್ತಾನೆ. ಆಗಲೂ ಸೋಲು, ಮೈಯಲ್ಲಿದ್ದ ನೀರನ್ನೆಲ್ಲ ಹೀರಿ ಕ್ರೊಕೊಡೈಲ್ ಅವನನ್ನು ಒಣಗಿಸಿಬಿಡುತ್ತಾನೆ. ಮೂರನೇ ಸಲ ಲೂಫಿಯ ಬಳಿ ನೀರಿಲ್ಲ. ತನ್ನ ರಕ್ತದಿಂದಲೇ ಮುಷ್ಟಿ ಒದ್ದೆ ಮಾಡಿಕೊಂಡು ಹೊಡೆಯುತ್ತಾನೆ. ಆ ಏಟು ತಾಗಿದಾಗ ನಮಗೆ ಖುಷಿಯಾಗುತ್ತದಲ್ವಾ? ಹಿಂದಿನ ಎರಡು ಸೋಲುಗಳನ್ನು ತೆಗೆದುಹಾಕಿ ನೋಡಿ, ಆ ಖುಷಿ ಉಳಿಯುವುದಿಲ್ಲ.

ಇಷ್ಟೆಲ್ಲ ಹೇಳಿದರೂ ನಿಮ್ಮ ಅಸಮಾಧಾನ ನಿಜವಾದದ್ದು ಅಂತಲೇ ನನ್ನ ನಂಬಿಕೆ. ನನಗೂ ಅದೇ ಕಸಿವಿಸಿ ಆಗಿದೆ. ಆದರೆ ನಮ್ಮನ್ನು ಕಾಡುವುದು ಸುಲಭದ ಗೆಲುವಲ್ಲ, ಪುಕ್ಕಟೆ ಗೆಲುವು. ಹೀರೋ ನೂರು ಏಟು ತಿಂದು, ಲೀಟರ್‌ಗಟ್ಟಲೆ ರಕ್ತ ಸುರಿಸಿದ ಮೇಲೂ ಗೆಲುವು ಪುಕ್ಕಟೆ ಆಗಿರಬಹುದು. ಗೆಲ್ಲಿಸಿದ ಶಕ್ತಿ ಎಲ್ಲಿಂದ ಬಂತು, ಕತೆ ಅದನ್ನು ನಮಗೆ ಮೊದಲೇ ತೋರಿಸಿತ್ತಾ, ಗೆದ್ದ ಮೇಲೆ ಅವನ ಕೈಯಿಂದ ಏನು ಹೋಯಿತು? ಹೀರೋ ಎಷ್ಟು ಸಲ ಗೆದ್ದ ಅನ್ನುವ ಲೆಕ್ಕ ಬಿಟ್ಟು ಈ ಪ್ರಶ್ನೆಗಳ ಮೇಲೆ ಲೇಖನ ನಿಲ್ಲಿಸಿ.

ಇದಕ್ಕೆ ನೀವೇ ಒಂದು ಒಳ್ಳೆಯ ಉದಾಹರಣೆ ಹಿಡಿದಿದ್ದೀರಿ, ಆದರೆ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. 'ನರುಟೊ' ಸರಣಿಯಲ್ಲಿ ಎಳೆಯ ನಿಂಜಾಗಳು ಮೇಲಿನ ದರ್ಜೆಗೆ ಏರಲು ಬರೆಯುವ ಚೂನಿನ್ ಪರೀಕ್ಷೆಯಲ್ಲಿ ನರುಟೊ ಮತ್ತು ನೇಜಿಯ ಪಂದ್ಯ. ನೇಜಿ ಹ್ಯೂಗಾ ವಂಶದವನು, ಆದರೆ ಕಿರಿಯ ಶಾಖೆಯಲ್ಲಿ ಹುಟ್ಟಿದವನು. ಹಿರಿಯ ಶಾಖೆಗೆ ಅಧೀನ ಅನ್ನುವ ಮುದ್ರೆಯನ್ನು ಅವನ ಹಣೆಯ ಮೇಲೇ ಒತ್ತಿದ್ದಾರೆ. ಹಣೆಬರಹ ಬದಲಾಗುವುದಿಲ್ಲ ಅಂತ ಅವನು ಹೇಳುವುದು ಬರೀ ಜಂಬದಿಂದಲ್ಲ, ನೋವಿನಿಂದ. ಅವನೆದುರು ನಿಂತಿರುವವನು ಶಾಲೆಯ ಅಂತಿಮ ಪರೀಕ್ಷೆಯಲ್ಲಿ ಮೂರು ಸಲ ನಪಾಸಾದ ಹುಡುಗ. ನೇಜಿ ಅವನ ಮೈಯೊಳಗೆ ಶಕ್ತಿ ಹರಿಯುವ 64 ಬಿಂದುಗಳನ್ನು ಮುಚ್ಚಿಬಿಡುತ್ತಾನೆ. ಆಗ ನರುಟೊ ಒಳಗಿರುವ ಒಂಬತ್ತು ಬಾಲದ ನರಿಯ ಶಕ್ತಿ ಉಕ್ಕಿ ಬರುತ್ತದೆ. ನಿಮಗೆ ಸಿಟ್ಟು ಬಂದದ್ದು ಇಲ್ಲಿಯೇ ಅಂತ ಕಾಣುತ್ತದೆ. ಸರಿ, ಅದು ಹುಟ್ಟಿದಾಗಲೇ ಅವನೊಳಗೆ ಬೇರೆಯವರು ತುಂಬಿಟ್ಟ ಶಕ್ತಿ. ಆದರೆ ಪಂದ್ಯ ಅಲ್ಲಿ ಮುಗಿಯುವುದಿಲ್ಲ. ಕೊನೆಯ ಏಟು ನೆಲದಡಿಯಿಂದ ಬರುತ್ತದೆ. ಮೇಲೆ ಬಿದ್ದಿರುವ ನರುಟೊ ಬರೀ ಒಂದು ಪ್ರತಿರೂಪ. ಅಸಲಿ ಹುಡುಗ ಸುರಂಗ ತೋಡಿಕೊಂಡು ಬಂದು ನೇಜಿಯ ಗಲ್ಲಕ್ಕೆ ಗುದ್ದುತ್ತಾನೆ. ಆಮೇಲೆ ಹೇಳುತ್ತಾನೆ, ನಾನು ಪ್ರತಿ ಸಲ ಫೇಲ್ ಆಗುತ್ತಿದ್ದದ್ದು ಈ ಪ್ರತಿರೂಪದ ವಿದ್ಯೆಯಲ್ಲೇ ಅಂತ.

ಒಂದೇ ಪಂದ್ಯದಲ್ಲಿ ಅರ್ಧ ಪುಕ್ಕಟೆ, ಅರ್ಧ ಗಳಿಸಿದ್ದು. ಇದನ್ನು ಬಿಡಿಸಿ ಬರೆಯಿರಿ. ಮುಂದೆ ಕತೆ ನರುಟೊನನ್ನು ನಾಲ್ಕನೇ ಹೊಕಾಗೆಯ, ಅಂದರೆ ಊರಿನ ಮುಖ್ಯಸ್ಥನ, ಮಗ ಅನ್ನುತ್ತದೆ, ಇನ್ನೂ ಮುಂದೆ ಪುರಾಣ ಕಾಲದ ವೀರನೊಬ್ಬನ ಪುನರ್ಜನ್ಮ ಅನ್ನುತ್ತದೆ. ಹಾಗಾದರೆ ಹಣೆಬರಹದ ವಿಷಯದಲ್ಲಿ ನೇಜಿ ಹೇಳಿದ್ದೇ ಸರಿ ಅಂತ ಆಯಿತಲ್ವಾ? ನಿಮ್ಮ ದೂರು ಗಟ್ಟಿಯಾಗುವ ಜಾಗ ಇದು.

'ಫೇರಿ ಟೇಲ್' ವಿಷಯದಲ್ಲಿ ನಿಮ್ಮ ಮಾತನ್ನು ಪೂರ್ತಿ ಒಪ್ಪುತ್ತೇನೆ. ಟವರ್ ಆಫ್ ಹೆವನ್ ಕತೆಯಲ್ಲಿ ಹೀರೋ ನಾಟ್ಸುವಿನ ಗೆಳತಿ ಎರ್ಜಾ ಗೆಳೆಯರಿಗಾಗಿ ಪ್ರಾಣ ಕೊಡಲು ಹೊರಡುತ್ತಾಳೆ, ನಾಟ್ಸು ಅವಳನ್ನು ಹೇಗೋ ಎಳೆದು ತಂದುಬಿಡುತ್ತಾನೆ. ಹೋದವರು ಹೀಗೆ ವಾಪಸ್ ಬರುತ್ತಲೇ ಇದ್ದರೆ ಮುಂದಿನ ಹೋರಾಟದಲ್ಲಿ ನಮಗೆ ಭಯ ಉಳಿಯುವುದಿಲ್ಲ. ಆ ಒಂದು ಪ್ರಸಂಗ ಸಾಕು, ಉಳಿದದ್ದು ಬಿಡಿ.

'ಸೋಮಾರಿಗಳು' ಅನ್ನುವ ಪದವನ್ನು ದಯವಿಟ್ಟು ತೆಗೆಯಿರಿ. ಇವುಗಳಲ್ಲಿ ಹೆಚ್ಚಿನವು ಮೊದಲು ವಾರಪತ್ರಿಕೆಯಲ್ಲಿ ಮಾಂಗಾ, ಅಂದರೆ ಚಿತ್ರಕತೆ, ಆಗಿ ಬಂದವು. ವಾರಕ್ಕೆ ಇಪ್ಪತ್ತರ ಹತ್ತಿರ ಪುಟ, ವರ್ಷಗಟ್ಟಲೆ. 1968ರಲ್ಲಿ ಶುರುವಾದ 'ಶೋನೆನ್ ಜಂಪ್' 1990ರ ದಶಕದ ನಡುವೆ 65 ಲಕ್ಷ ಪ್ರತಿ ದಾಟಿತ್ತು. ಗೆಳೆತನ, ಶ್ರಮ, ಗೆಲುವು ಇವು ಆ ಪತ್ರಿಕೆಯ ಮೂರು ಮಂತ್ರಗಳು. ಸಂಚಿಕೆಯ ಜೊತೆ ಓದುಗರಿಗೆ ಅಭಿಪ್ರಾಯದ ಕಾರ್ಡ್ ಇರುತ್ತಿತ್ತು. ಓಟು ಕಡಿಮೆ ಬಿದ್ದ ಕತೆ ಕೆಲವೇ ತಿಂಗಳಲ್ಲಿ ನಿಂತುಹೋಗುತ್ತಿತ್ತು. ಹೀರೋ ಮೂರು ತಿಂಗಳು ಸೋತು ಮಲಗಿದರೆ ಕತೆಯೇ ಉಳಿಯುತ್ತದೋ ಇಲ್ಲವೋ ಅನ್ನುವ ಭಯದಲ್ಲಿ ಕೂತು ಬರೆಯುವವರನ್ನು ಸೋಮಾರಿ ಅನ್ನಲು ನನಗೆ ಮನಸ್ಸಾಗುವುದಿಲ್ಲ. ಪುಕ್ಕಟೆ ಗೆಲುವು ಯಾಕೆ ಮತ್ತೆ ಮತ್ತೆ ಬರುತ್ತದೆ ಅನ್ನುವುದಕ್ಕೆ ಈ ಓಟು ಒಂದು ದೊಡ್ಡ ಕಾರಣ. ಅದನ್ನು ಬರೆಯಿರಿ, ಬೈಗುಳಕ್ಕಿಂತ ಜಾಸ್ತಿ ತಾಕತ್ತು ಅದಕ್ಕಿದೆ.

'ಸೋಲುವ ಹೀರೋನನ್ನು ಜಪಾನಿನ ಹುಡುಗರು ಒಪ್ಪುವುದಿಲ್ಲ' ಅಂದಿದ್ದೀರಿ. ಇದು ತಪ್ಪು. 'ಆಶಿತಾ ನೋ ಜೋ' 1968ರಿಂದ 1973ರವರೆಗೆ ಬಂದ ಬಾಕ್ಸಿಂಗ್ ಕತೆ. ಅದರ ಹೀರೋ ಕೊನೆಯ ಪಂದ್ಯವನ್ನು ಪಾಯಿಂಟ್ ಲೆಕ್ಕದಲ್ಲಿ ಸೋಲುತ್ತಾನೆ. ಅದಕ್ಕೂ ಮೊದಲು ಅವನ ಎದುರಾಳಿ ರಿಕಿಇಶಿ ಕತೆಯಲ್ಲಿ ಸತ್ತಾಗ, 1970ರ ಮಾರ್ಚ್‌ನಲ್ಲಿ ಟೋಕಿಯೊದಲ್ಲಿ ನಿಜವಾದ ಅಂತ್ಯಸಂಸ್ಕಾರದ ವಿಧಿ ನಡೆಯಿತು, ನೂರಾರು ಜನ ಸೇರಿದ್ದರು. ಜಂಪ್‌ನಲ್ಲೇ ಬಂದ ಬಾಸ್ಕೆಟ್‌ಬಾಲ್ ಕತೆ 'ಸ್ಲ್ಯಾಮ್ ಡಂಕ್'ನಲ್ಲಿ ಹೀರೋನ ಶೊಹೊಕು ತಂಡ ಬಲಿಷ್ಠ ಸಾನ್ನೊ ತಂಡವನ್ನು ಸೋಲಿಸುತ್ತದೆ. ಅದರ ಮುಂದಿನ ಪಂದ್ಯದಲ್ಲೇ ಹೀನಾಯವಾಗಿ ಸೋಲುತ್ತದೆ. ಆ ಸೋಲನ್ನು ಚಿತ್ರ ಬರೆದು ತೋರಿಸುವುದೂ ಇಲ್ಲ, ಒಂದೆರಡು ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಇಂದಿಗೂ ಜನ ಆ ಕತೆಯನ್ನು ತಲೆಯ ಮೇಲಿಟ್ಟುಕೊಂಡಿದ್ದಾರೆ.

ಹೀರೋ ಸೋಲಲೇಬೇಕು ಅನ್ನುವ ನಿಮ್ಮ ತೀರ್ಮಾನವೂ ನಿಲ್ಲುವುದಿಲ್ಲ. 'ಹಂಟರ್ ಎಕ್ಸ್ ಹಂಟರ್'ನಲ್ಲಿ ಹೀರೋ ಗೋನ್ ತನ್ನ ಗುರುವಿನಂತಿದ್ದ ಕೈಟ್‌ನನ್ನು ಕೊಂದ ಪಿಟೌ ಎದುರು ಗೆಲ್ಲುತ್ತಾನೆ. ಶಕ್ತಿ ದಿಢೀರನೆ ಬರುವುದು ಅಲ್ಲೂ ಉಂಟು. ಆದರೆ ಅದು ಅವನ ಮುಂದಿನ ಬದುಕನ್ನೇ ಅಡವಿಟ್ಟು ತಂದ ಶಕ್ತಿ. ಸಾವಿನ ಬಾಯಿಂದ ಉಳಿದು ಬಂದರೂ ಅವನು ಕಲಿತ ವಿದ್ಯೆ ವಾಪಸ್ ಬರುವುದಿಲ್ಲ. ಆ ಗೆಲುವನ್ನು ನೋಡುವಾಗ ಚಪ್ಪಾಳೆ ತಟ್ಟಲು ಕೈ ಏಳುವುದಿಲ್ಲ.

ಇನ್ನು ಬರವಣಿಗೆ. 'ಇಂದಿನ ಯುವಜನರಲ್ಲಿ ಅನಿಮೆ ಬಹಳ ಜನಪ್ರಿಯವಾಗಿದೆ' ಅನ್ನುವ ಇಡೀ ಮೊದಲ ಪ್ಯಾರಾ ಬೇಡ. ಹನ್ನೊಂದು ಸರಣಿಗಳ ಹೆಸರಿವೆ, ಮೂರ್ನಾಲ್ಕು ಸಾಕು. ಅನಿಮೆ ನೋಡದ ಓದುಗರೂ ನಮಗಿದ್ದಾರೆ. ನೇಜಿ ಯಾರು, ಅವನ ಸಂಕಟ ಏನು ಅನ್ನುವುದು ಅವರಿಗೂ ತಿಳಿಯಬೇಕು. ಲೂಫಿ, ಲುಫ್ಫಿ, ಲಫಿ ಅಂತ ಮೂರು ಥರ ಬರೆದಿದ್ದೀರಿ, ಒಂದನ್ನೇ ಉಳಿಸಿ.

'ನರುಟೊ'ದ ರಾಕ್ ಲೀ ಬಗ್ಗೆ ನೀವು ಬರೆದ ಪ್ಯಾರಾ ಮಾತ್ರ ಒಂದಕ್ಷರವೂ ಬದಲಾಗಬಾರದು. ಮಾಯೆ, ಮಂತ್ರ ಒಂದೂ ಬಾರದೆ ಬರೀ ಅಭ್ಯಾಸದಿಂದ ಬೆಳೆದ ಹುಡುಗ ಗಾರಾ ಎದುರು ಕೈಕಾಲು ಮುರಿದುಕೊಂಡು ಸೋಲುತ್ತಾನೆ, ಪ್ರಜ್ಞೆ ತಪ್ಪಿದ ಮೇಲೂ ಎದ್ದು ನಿಲ್ಲುತ್ತಾನೆ. 'ಅವನು ಗೆಲ್ಲಬೇಕಿತ್ತು ಅಂತ ನಾನು ಈಗಲೂ ಜಗಳ ಆಡುತ್ತೇನೆ' ಅಂತ ಬರೆದಿದ್ದೀರಲ್ಲ, ಲೇಖನದಲ್ಲಿ ನಿಮ್ಮ ದನಿ ಕೇಳಿಸಿದ್ದು ಅಲ್ಲಿ ಮಾತ್ರ. ಅದನ್ನೇ ಶುರುವಿಗೆ ತನ್ನಿ. ಅಲ್ಲಿಂದ ನೇಜಿಯ ಪಂದ್ಯಕ್ಕೆ ಹೋಗಿ, ಆಮೇಲೆ ಲೂಫಿ, ಕೊನೆಗೆ ಗೋನ್. 1,200 ಪದ ಮೀರಬೇಡಿ. ತಿಂಗಳೊಳಗೆ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

ವಿಶ್ವಾಸದಿಂದ,
ಸಂಪಾದಕ