ಮೈ ತುಂಬಿದ ಕುರಿಗೆ ಹಾಲೇಕೆ ಕಡಿಮೆ?

ಪ್ರಶ್ನೆ: ಬನ್ನೂರು ತಳಿಯ ಹೆಣ್ಣುಮರಿಗಳನ್ನು ಬಕ್ರೀದ್‌ಗೆಂದು ಬೆಳೆಸುವ ಟಗರುಮರಿಗಳ ಜೊತೆಯಲ್ಲೇ ಕಟ್ಟಿ, ಹೊಟ್ಟೆ ತುಂಬ ಮೆಕ್ಕೆಜೋಳದ ನುಚ್ಚು, ಶೇಂಗಾ ಹಿಂಡಿ ಹಾಕಿದೆವು. ಮೈಕಟ್ಟು ಚೆನ್ನಾಗಿದೆ, ಕೆಚ್ಚಲೂ ದಪ್ಪಗಿದೆ. ಆದರೂ ಚೊಚ್ಚಲು ಈದವುಗಳಲ್ಲಿ ಮರಿಗೆ ಸಾಕಾಗುವಷ್ಟು ಹಾಲಿಲ್ಲ. ಏಕೆ?

ಉತ್ತರ: ಆ ದಪ್ಪದಲ್ಲಿ ಕೊಬ್ಬೇ ಹೆಚ್ಚಿರಬಹುದು. ಮರಿ ಕುಡಿದು ಮುಗಿಸಿದ ಮೇಲೆ ಕೆಚ್ಚಲನ್ನು ಒತ್ತಿ ನೋಡಿ. ಗ್ರಂಥಿ ತುಂಬಿದ ಕೆಚ್ಚಲು ಜೋತುಬಿದ್ದು ಸುಕ್ಕಾಗುತ್ತದೆ. ಕೊಬ್ಬಿನದು ಹಾಗೆಯೇ ಮೆತ್ತಗೆ ಉಬ್ಬಿರುತ್ತದೆ. ಒಂದೇ ಪಕ್ಕ ಬಿಸಿಯಾಗಿ ಗಟ್ಟಿಯಾಗಿದ್ದರೆ ಮಾತು ಬೇರೆ, ಅದು ಕೆಚ್ಚಲು ಬಾವು.

ಹುಟ್ಟಿದ ಮರಿಯಲ್ಲಿ ಹಾಲಿನ ಗ್ರಂಥಿ ತೊಟ್ಟಿನ ಬುಡದಲ್ಲಿ ಸಣ್ಣ ಗಂಟಿನಷ್ಟಿರುತ್ತದೆ, ಸುತ್ತ ಕೊಬ್ಬಿನ ಹಾಸು. ಸುಮಾರು 2ರಿಂದ 5 ತಿಂಗಳವರೆಗೆ, ಬೆದೆಗೆ ಬರುವ ಮೊದಲೇ, ಗ್ರಂಥಿ ಮೈಗಿಂತ ವೇಗವಾಗಿ ಬೆಳೆದು ಆ ಹಾಸಿನೊಳಗೆ ನಾಳಗಳನ್ನು ಕವಲೊಡೆಸುತ್ತದೆ. ಈಸ್ಟ್ರೋಜನ್ ಮತ್ತು ಬೆಳವಣಿಗೆ ಹಾರ್ಮೋನುಗಳ ಪ್ರಭಾವದಿಂದ ಹಾಸಿನ ಕೋಶಗಳು ಐಜಿಎಫ್-1, ಎಫ್‌ಜಿಎಫ್ ಮುಂತಾದ ಬೆಳವಣಿಗೆ ಅಂಶಗಳನ್ನು ಸ್ರವಿಸುತ್ತವೆ. ಅವು ಪಕ್ಕದ ನಾಳಕೋಶಗಳ ಸಂಖ್ಯೆಯನ್ನು ಹೆಚ್ಚಿಸುತ್ತವೆ. ಈ ಅವಧಿಯಲ್ಲಿ ಕಾಳು ಅತಿಯಾದರೆ ರಕ್ತದಲ್ಲಿ ಬೆಳವಣಿಗೆ ಹಾರ್ಮೋನು ಇಳಿಯುತ್ತದೆ, ಹಾಸು ಹಿಗ್ಗುತ್ತದೆ, ನಾಳಗಳು ಹಿಂದುಳಿಯುತ್ತವೆ. ಟಗರುಮರಿಗೆ ಲಾಭ ತರುವ ಮೇವೇ ಹೆಣ್ಣುಮರಿಗೆ ನಷ್ಟ.

ಮುಂದಿನ ತಂಡದಲ್ಲಿ, 3 ತಿಂಗಳಿಗೆ ಹಾಲು ಬಿಡಿಸಿದ ಕೂಡಲೇ ಹೆಣ್ಣುಮರಿಗಳನ್ನು ಬೇರೆ ಕಟ್ಟಿ. 5 ತಿಂಗಳು ತುಂಬುವವರೆಗೆ ದಾಣಿ ದಿನಕ್ಕೆ 150–200 ಗ್ರಾಂ ಸಾಕು. ಉಳಿದದ್ದು ಮೇಯಿಸುವುದು, ಹಸಿರು ಮೇವು, ತೊಗರಿ ಹೊಟ್ಟು. ಕಡಿಮೆ ಮಾಡಬೇಕಾದದ್ದು ಜೋಳದ ನುಚ್ಚನ್ನು, ಹಿಂಡಿಯನ್ನಲ್ಲ. 15 ದಿನಕ್ಕೊಮ್ಮೆ ತೂಗಿ. ಹಾಗೆಂದು ಉಪವಾಸ ಕೆಡವಬೇಡಿ, ಬೆದೆಯೇ ತಡವಾಗುತ್ತದೆ.

ಪ್ರಶ್ನೆ: ಹಾಗಾದರೆ ಈಗಿರುವ ಕುರಿಗಳನ್ನು ಮಾರಿಬಿಡುವುದೇ?

ಉತ್ತರ: ಆತುರ ಬೇಡ. ಕೆಚ್ಚಲಿನ ಒಟ್ಟು ಬೆಳವಣಿಗೆಯಲ್ಲಿ ಮುಕ್ಕಾಲಿಗೂ ಹೆಚ್ಚು ಪಾಲು ಗಬ್ಬದ ಕಾಲದಲ್ಲೇ ಆಗುತ್ತದೆ. ಸುಮಾರು 147 ದಿನಗಳ ಗಬ್ಬದ ಉತ್ತರಾರ್ಧದಲ್ಲಿ ಪ್ರೊಜೆಸ್ಟರಾನ್, ಪ್ರೊಲ್ಯಾಕ್ಟಿನ್ ಮತ್ತು ಮಾಸು ಸ್ರವಿಸುವ ಪ್ಲಾಸೆಂಟಲ್ ಲ್ಯಾಕ್ಟೋಜನ್ ಎಂಬ ಹಾರ್ಮೋನುಗಳು ಸೇರಿ ನಾಳಗಳ ತುದಿಯಲ್ಲಿ ಹಾಲಿನ ಚೀಲಗಳನ್ನು ಕಟ್ಟುತ್ತವೆ. ಹೊಟ್ಟೆಯಲ್ಲಿ ಅವಳಿ ಇದ್ದರೆ ಮಾಸು ದೊಡ್ಡದು, ಲ್ಯಾಕ್ಟೋಜನ್ ಹೆಚ್ಚು, ಕೆಚ್ಚಲೂ ದೊಡ್ಡದು.

ಆದ್ದರಿಂದ ಈಯುವ ಮುಂಚಿನ 6 ವಾರ ದಾಣಿಯನ್ನು ಮೆಲ್ಲಗೆ 250–300 ಗ್ರಾಂಗೆ ಏರಿಸಿ, ಅವಳಿಯಿದ್ದರೆ 400ರವರೆಗೆ, ಖನಿಜ ಮಿಶ್ರಣದೊಂದಿಗೆ. ಈ ಹೊತ್ತಿನಲ್ಲಿ ಹೊಟ್ಟೆಗೆ ಸಾಲದಿದ್ದರೆ ಪ್ರೊಜೆಸ್ಟರಾನ್ ತಡವಾಗಿ ಇಳಿಯುತ್ತದೆ. ಅದು ಇಳಿಯದೆ ಹಾಲು ಹರಿಯದು. ಆಗ ಬರುವ ಗಿಣ್ಣೂ ಸ್ವಲ್ಪವೇ, ಅದೂ ಅಂಟಂಟು. ಮರಿಯ ತೂಕದ ಕಿಲೋಗೆ 50 ಮಿಲಿಯಂತೆ ಮೊದಲ ಗಂಟೆಗಳಲ್ಲೇ ಗಿಣ್ಣು ಬೇಕು: ಎರಡೂವರೆ ಕಿಲೋ ಮರಿಗೆ 125 ಮಿಲಿ. ಕೊರತೆಯಾದರೆ ಅದೇ ದಿನ ಈದ ಬೇರೆ ಕುರಿಯದು ಕುಡಿಸಿ. ಎರಡನೇ ಈತದಲ್ಲೂ ಹಾಲು ಹೆಚ್ಚದಿದ್ದರೆ ಆಗ ಮಾರಿ.

ಪ್ರಶ್ನೆ: ಕೆಚ್ಚಲು ಬೆಳೆಸಲು ಹಾರ್ಮೋನ್ ಇಂಜೆಕ್ಷನ್ ಇದೆಯೇ?

ಉತ್ತರ: ಅದರ ಆಸೆ ಬಿಡಿ. ಆಕ್ಸಿಟೋಸಿನ್ ಚುಚ್ಚಿದರೆ ಕೆಚ್ಚಲಲ್ಲಿ ಆಗಲೇ ಇರುವ ಹಾಲನ್ನು ಸೊರೆಬಿಡಿಸುತ್ತದೆ, ಒಂದೇ ಒಂದು ಕೋಶವನ್ನೂ ಬೆಳೆಸುವುದಿಲ್ಲ. ಗಬ್ಬದ ಕೊನೆಯ ದಿನಗಳಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಚುಚ್ಚಿದರೆ ಕುರಿ ಅವಧಿಗೆ ಮುನ್ನವೇ ಈಯಬಹುದು. ನಿಗಾ ಬೇಕಾದದ್ದು ಮೇವಿನಲ್ಲಿ ಬರುವ ಹಾರ್ಮೋನಿನ ಮೇಲೆ. ಬೂಷ್ಟು ಹಿಡಿದ ಮೆಕ್ಕೆಜೋಳದಲ್ಲಿ ಈಸ್ಟ್ರೋಜನ್‌ನಂತೆ ವರ್ತಿಸುವ ಜಿಯರಲೆನೋನ್ ಎಂಬ ಬೂಷ್ಟಿನ ವಿಷ ಇರಬಹುದು. ಗಬ್ಬವಿಲ್ಲದ ಕುರಿಗೆ ಕೆಚ್ಚಲು ಉಬ್ಬಿದರೆ ಮೊದಲು ಜೋಳದ ಚೀಲ ಬಿಚ್ಚಿ ನೋಡಿ. 1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಈಸ್ಟ್ರೋಜನ್ ಗುಣದ ಕ್ಲೋವರ್ ಸೊಪ್ಪು ಮೇದ, ಬೀಜ ಒಡೆದ ಗಂಡು ಕುರಿಗಳಲ್ಲೂ ಹಾಲು ಕಾಣಿಸಿಕೊಂಡಿತ್ತು. ನಮ್ಮ ಕುದುರೆ ಮೆಂತ್ಯದಲ್ಲೂ ಅಂಥ ಅಂಶವಿದೆ; ಟಗರಿಗೆ ಬಿಡುವ ವಾರಗಳಲ್ಲಿ ಅದೊಂದನ್ನೇ ಹಾಕಬೇಡಿ, ಬೇರೆ ಹುಲ್ಲಿನ ಜೊತೆ ಬೆರೆಸಿ.